ಹೂವು ಒಂದೇ ಬಣ್ಣ, ಬೇರು ಬೇರೆ: ಇಲಿನಾಯ್ ಹಿತ್ತಲಿನ ಬಟರ್‌ಫ್ಲೈ ವೀಡ್ ಪ್ರಕರಣ

ಶಿಕಾಗೋದ ಪಶ್ಚಿಮಕ್ಕಿರುವ ಡುಪೇಜ್ ಕೌಂಟಿಯ ಒಂದು ಮನೆ. ಹಿತ್ತಲು ದಕ್ಷಿಣಕ್ಕೆ ತೆರೆದಿದೆ, ಬೇಸಿಗೆಯಲ್ಲಿ ದಿನಕ್ಕೆ ಏಳೆಂಟು ತಾಸು ನೇರ ಬಿಸಿಲು. ಮನೆಯವರು ಒಂದು ಮೇ ತಿಂಗಳಲ್ಲಿ ಮೂರು ಕುಂಡ ತಂದರು. ಎರಡು ಅಲ್ಲಿನ ಸ್ಥಳೀಯ ಗಿಡಗಳ ಮಾರಾಟ ಮೇಳದವು, ಒಂದು ದೊಡ್ಡ ಅಂಗಡಿಯ ಗಾರ್ಡನ್ ವಿಭಾಗದ್ದು. ಮೂರಕ್ಕೂ ‘ಬಟರ್‌ಫ್ಲೈ ವೀಡ್’ ಎಂಬ ಚೀಟಿ ಅಂಟಿಸಿತ್ತು. ಚಿಟ್ಟೆಗಳನ್ನು ಸೆಳೆಯುವ, ಕಿತ್ತಳೆ ಹೂವಿನ ಒಂದು ಮಿಲ್ಕ್‌ವೀಡ್ ಅದು. ಅಂಗಡಿಯ ಗಿಡ ಬಂದ ವಾರದಲ್ಲೇ ಹೂ ಬಿಟ್ಟು ಅಕ್ಟೋಬರ್‌ವರೆಗೆ ಬಿಡುತ್ತಲೇ ಇತ್ತು. ಮೇಳದ ಗಿಡಗಳಲ್ಲಿ ಒಂದನ್ನು ಸೂರಿನ ನೀರು ಇಳಿಯುವ ಪೈಪಿನ ಬಾಯಲ್ಲಿ ನೆಟ್ಟರು, ಇನ್ನೊಂದನ್ನು ಬೇಲಿ ಪಕ್ಕದ ಏರಿನಲ್ಲಿ.

ಮರುವರ್ಷ ಮೇ ಮೊದಲ ವಾರಕ್ಕೆ ಮೂರೂ ಜಾಗ ಬರಿದಾಗಿದ್ದವು. ಚಳಿಗೆ ಸತ್ತಿರಬೇಕೆಂದು ಟೊಮೆಟೊಗಾಗಿ ನೆಲ ಅಗೆದರು. ಬೇಲಿ ಪಕ್ಕ ಅಗೆಯುವಾಗ ಸನಿಕೆಗೆ ಬೆರಳು ದಪ್ಪದ, ಗೆಣಸಿನಂಥ ಬೇರು ಸಿಕ್ಕಿ ತುಂಡಾಯಿತು. ಕತ್ತರಿಸಿದ ಮುಖ ಬೆಳ್ಳಗೆ, ಗಟ್ಟಿಯಾಗಿತ್ತು. ಗಿಡ ಸತ್ತಿರಲಿಲ್ಲ.

ಇದು ಯಾವುದೋ ಒಂದು ಮನೆಯ ದಿನಚರಿಯಲ್ಲ. ಈ ಗಿಡದ ವಿಷಯದಲ್ಲಿ ಮತ್ತೆ ಮತ್ತೆ ಆಗುವ ತಪ್ಪುಗಳನ್ನು ಒಂದೇ ಹಿತ್ತಲಿಗೆ ತಂದು, ಕಾರಣ ಬಿಡಿಸಿ, ಮರುನಾಟಿವರೆಗೆ ಬರೆದ ಪ್ರಕರಣ. ಮೂರು ಜಾಗ ಬರಿದಾದದ್ದಕ್ಕೆ ಮೂರು ಬೇರೆ ಕಾರಣಗಳಿವೆ: ಒಂದು ಗಿಡವೇ ಬೇರೆ, ಒಂದು ಕೊಳೆತದ್ದು, ಒಂದು ಇನ್ನೂ ಎದ್ದಿರದದ್ದು. ಮೂರಕ್ಕೂ ಉತ್ತರ ಇದ್ದದ್ದು ನೆಲದ ಕೆಳಗೆ.

ಗುರುತು ಹಿಡಿಯುವುದು

ಎಕ್ಕದ ಗಿಡ ಕಂಡವರಿಗೆ ಈ ಕೆಲಸ ಅರ್ಧ ಆದಂತೆಯೇ. ಎಕ್ಕವೂ ಅಮೆರಿಕದ ಮಿಲ್ಕ್‌ವೀಡ್‌ಗಳೂ ಒಂದೇ ಸಸ್ಯಕುಟುಂಬದವು. ರಥಸಪ್ತಮಿಯ ಸ್ನಾನಕ್ಕೆ ಎಕ್ಕದ ಎಲೆ ಕಿತ್ತಾಗ ಏನೇನು ಕಾಣುತ್ತದೆ ನೆನಪು ಮಾಡಿಕೊಳ್ಳಿ: ಎಲೆಗಳು ಎದುರುಬದುರು ಜೋಡಿಯಾಗಿರುತ್ತವೆ, ಮುರಿದಲ್ಲಿ ಬಿಳಿ ಹಾಲು ಸುರಿಯುತ್ತದೆ, ಹೂವಿನ ನಡುವೆ ಕಿರೀಟ ಇರುತ್ತದೆ, ಒಣಗಿದ ಕಾಯಿ ಬಿರಿದರೆ ರೇಷ್ಮೆ ಕೂದಲಿನ ಬೀಜ ಹಾರುತ್ತದೆ. ಹೆಚ್ಚಿನ ಮಿಲ್ಕ್‌ವೀಡ್‌ಗಳಲ್ಲಿ ಈ ನಾಲ್ಕೂ ಇವೆ. ನಿಜವಾದ ಬಟರ್‌ಫ್ಲೈ ವೀಡ್‌ನಲ್ಲಿ, ಅಂದರೆ ಆಸ್ಕ್ಲೇಪಿಯಸ್ ಟ್ಯೂಬರೋಸಾದಲ್ಲಿ, ಮೊದಲಿನ ಎರಡು ಇಲ್ಲ. ಗುರುತಿಗೆ ಹಿಡಿಯಬೇಕಾದದ್ದು ಇದನ್ನೇ.

ಕಾಂಡದ ನಡುಭಾಗವನ್ನು ನೋಡಿ. ಟ್ಯೂಬರೋಸಾದ ಎಲೆಗಳು ಒಂದು ಬಲಕ್ಕೆ, ಮುಂದಿನದು ತುಸು ಮೇಲೆ ಬೇರೆ ದಿಕ್ಕಿಗೆ, ಹೀಗೆ ಒಂದೊಂದಾಗಿ ಏರುತ್ತಾ ಹೋಗುತ್ತವೆ. ಬುಡದಲ್ಲಿ ಮತ್ತು ತುದಿಯ ಕವಲುಗಳಲ್ಲಿ ಕೆಲವೊಮ್ಮೆ ಜೋಡಿ ಎಲೆ ಬರುವುದುಂಟು, ಅದಕ್ಕೇ ನಡುಭಾಗ ನೋಡಬೇಕು ಎನ್ನುವುದು. ಎಲೆ 2ರಿಂದ 4 ಇಂಚು ಉದ್ದ, ಈಟಿಯ ಮೊನೆಯಂತೆ ಕಿರಿದು, ತೊಟ್ಟು ಇದೆಯೋ ಇಲ್ಲವೋ ಎನ್ನುವಷ್ಟು ಚಿಕ್ಕದು. ಕಾಂಡದ ಮೇಲೆ ಬೆರಳಾಡಿಸಿದರೆ ಒರಟು ಕೂದಲು ತಾಗುತ್ತದೆ. ಎಲೆಯ ತುದಿ ಚಿವುಟಿದರೆ ಬರುವುದು ತಿಳಿಯಾದ ರಸ, ಹಾಲಲ್ಲ.

ಅಂಗಡಿಯಿಂದ ಬಂದದ್ದು ಆಸ್ಕ್ಲೇಪಿಯಸ್ ಕ್ಯುರಸ್ಸಾವಿಕಾ. ಎಲೆ ಎದುರುಬದುರು, ಕಾಂಡ ನುಣುಪು, ಚಿವುಟಿದರೆ ಹಾಲು. ಹೂವಿನ ಕೆಳದಳಗಳು ಕೆಂಪು, ಮೇಲಿನ ಕಿರೀಟ ಹಳದಿ. ಟ್ಯೂಬರೋಸಾದಲ್ಲಿ ಎರಡೂ ಸಾಮಾನ್ಯವಾಗಿ ಒಂದೇ ಕಿತ್ತಳೆ. ಆದರೆ ಬಣ್ಣವನ್ನಷ್ಟೇ ನಂಬಿದರೆ ಮೋಸಹೋಗುತ್ತೀರಿ. ಕ್ಯುರಸ್ಸಾವಿಕಾದಲ್ಲಿ ಪೂರ್ತಿ ಹಳದಿಯ ತಳಿಗಳಿವೆ, ಟ್ಯೂಬರೋಸಾ ಕೂಡ ಹಳದಿಯಿಂದ ಕಡುಗೆಂಪಿನವರೆಗೆ ಬದಲಾಗುತ್ತದೆ. ಕ್ಯುರಸ್ಸಾವಿಕಾ ಅಮೆರಿಕ ಖಂಡದ ಉಷ್ಣವಲಯದ್ದು. ಭಾರತಕ್ಕೂ ಬಂದು ಕಾಡುಗಿಡವಾಗಿ ನೆಲೆಯೂರಿದೆ. ಇಲಿನಾಯ್‌ನ ಚಳಿಗೆ ಅದು ಬೇರುಸಹಿತ ಸಾಯುತ್ತದೆ. ಅಕ್ಟೋಬರ್‌ವರೆಗೆ ಹೂ ಬಿಟ್ಟದ್ದೇ ಅನುಮಾನ ಹುಟ್ಟಿಸಬೇಕಿತ್ತು. ಟ್ಯೂಬರೋಸಾದ ಮುಖ್ಯ ಹೂಗಾಲ ಜೂನ್‌ನಿಂದ ಆಗಸ್ಟ್.

ಹಾಲಿನ ಪರೀಕ್ಷೆ ಮಾಡಿದ ಕೈಯನ್ನು ಸೋಪು ಹಾಕಿ ತೊಳೆಯದೆ ಕಣ್ಣಿಗೆ ತಾಗಿಸಬೇಡಿ. ಎಕ್ಕದ ಹಾಲಿನ ಬಗ್ಗೆ ಊರಲ್ಲಿ ಹಿರಿಯರು ಹೇಳುವ ಎಚ್ಚರಿಕೆ ಇಲ್ಲಿಗೂ ಅಷ್ಟೇ ಸಲ್ಲುತ್ತದೆ. ಮಿಲ್ಕ್‌ವೀಡ್ ಹಾಲು ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆಯನ್ನು, ಅಂದರೆ ಕಾರ್ನಿಯಾವನ್ನು, ಕೆಡಿಸುತ್ತದೆ. ಇನ್ನೊಂದು ಮಾತು: ಟ್ಯೂಬರೋಸಾದ ಬೇರನ್ನು ಹಿಂದೆ ಅಮೆರಿಕದಲ್ಲಿ ಎದೆಯ ಕಾಯಿಲೆಗೆ ಔಷಧಿಯಾಗಿ ಕೊಡುತ್ತಿದ್ದರು, ‘ಪ್ಲೂರಿಸಿ ರೂಟ್’ ಎಂಬ ಹಳೆಯ ಹೆಸರು ಬಂದದ್ದು ಹಾಗೆ. ಇದನ್ನು ಓದಿ ಯಾರೂ ಕಷಾಯ ಕಾಯಿಸಬಾರದು. ಗಿಡದಲ್ಲಿ ವಿಷಾಂಶವಿದೆ.

ಚೀಟಿ ಓದುವಾಗ ಶಾಸ್ತ್ರೀಯ ಹೆಸರಿನ ಎರಡನೆಯ ಪದ ನೋಡಿ ಕೊಳ್ಳಿ. ‘ಬಟರ್‌ಫ್ಲೈ ಬುಷ್’ ಎಂಬುದು ಬಡ್ಲೀಯ ಎನ್ನುವ ಏಷ್ಯಾದ ಪೊದೆ, ಇದಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಪೈಪಿನ ಬಾಯಲ್ಲಿ ಕೊಳೆತದ್ದು

ಅಲ್ಲಿ ಅಗೆದಾಗ ಸಿಕ್ಕ ಬೇರು ಕಂದು ಬಣ್ಣಕ್ಕೆ ತಿರುಗಿತ್ತು, ಹಿಸುಕಿದರೆ ಸಿಪ್ಪೆ ಜಾರಿ ಬರುತ್ತಿತ್ತು. ಹುಳಿ ವಾಸನೆಯೂ ಇತ್ತು. ಬುಡ ಕೊಳೆತದ್ದರ ಸ್ಪಷ್ಟ ಲಕ್ಷಣ ಇವು. ಚಳಿಗೆ ಸತ್ತದ್ದಲ್ಲ. ಕೆನಡದ ಗಡಿಯಾಚೆಯ ಒಂಟೇರಿಯೊವರೆಗೂ ಸಹಜವಾಗಿ ಬೆಳೆಯುವ ಗಿಡಕ್ಕೆ ಶಿಕಾಗೋ ಚಳಿ ದೊಡ್ಡದಲ್ಲ. ಅದನ್ನು ಕೊಲ್ಲುವುದು ಚಳಿಗಾಲದಲ್ಲಿ ಬುಡದ ಸುತ್ತ ನಿಲ್ಲುವ ನೀರು.

ಹೊಸ ಬಡಾವಣೆಗಳಲ್ಲಿ ಈ ತೊಂದರೆ ಹೆಚ್ಚು. ಮನೆ ಕಟ್ಟುವಾಗ ಪ್ರೇರಿಯ, ಅಂದರೆ ಇಲ್ಲಿನ ಸಹಜ ಹುಲ್ಲುಗಾವಲಿನ, ಕಪ್ಪು ಮೇಲ್ಮಣ್ಣನ್ನು ಕೆರೆದು ತೆಗೆದು, ಹಿಮನದಿ ಬಿಟ್ಟುಹೋದ ಜೇಡಿಮಣ್ಣಿನ ಮೇಲೆ ಯಂತ್ರ ಓಡಿಸಿ ಗಟ್ಟಿಮಾಡಿರುತ್ತಾರೆ. ಕೊನೆಗೆ ನಾಲ್ಕಾರು ಇಂಚು ಮಣ್ಣು ಹರಡಿ ಹುಲ್ಲು ಹಾಸುತ್ತಾರೆ. ನೀರು ಆ ಗಡಿಯಲ್ಲಿ ನಿಂತುಬಿಡುತ್ತದೆ. ಮೇಲಿನಿಂದ ನೋಡಿದರೆ ನೆಲ ಒಣಗಿದಂತೆಯೇ ಕಾಣುತ್ತದೆ.

ನೆಡುವ ಮೊದಲು ಒಂದು ಗುಂಡಿ ತೋಡಿ ನೋಡಿದರೆ ಎಲ್ಲ ತಿಳಿಯುತ್ತದೆ. ಒಂದು ಅಡಿ ಆಳ, ಅರ್ಧ ಅಡಿ ಅಗಲ ಸಾಕು. ತೋಡುವ ಕೆಲವು ದಿನ ಮೊದಲೇ 811ಕ್ಕೆ ಫೋನ್ ಮಾಡಿ ನೆಲದಡಿಯ ಗ್ಯಾಸ್, ಕರೆಂಟ್, ಕೇಬಲ್ ಸಾಲುಗಳನ್ನು ಗುರುತು ಹಾಕಿಸಿಕೊಳ್ಳಬೇಕು. ಇದಕ್ಕೆ ಹಣ ಕೊಡಬೇಕಿಲ್ಲ, ಕೈಯಲ್ಲಿ ಅಗೆಯುವುದಾದರೂ ಬಿಡಬಾರದು. ಗುಂಡಿಗೆ ನೀರು ತುಂಬಿ ಪೂರ್ತಿ ಇಂಗಲು ಬಿಡಿ, ಮತ್ತೆ ತುಂಬಿ, ಬಾಯಿಗೆ ಅಡ್ಡ ಒಂದು ಕಡ್ಡಿ ಇಟ್ಟು ಸ್ಕೇಲಿನಿಂದ ಗಂಟೆಗೊಮ್ಮೆ ಅಳೆಯಿರಿ. ಗಂಟೆಗೆ 1ರಿಂದ 3 ಇಂಚು ಇಳಿದರೆ ಟ್ಯೂಬರೋಸಾಕ್ಕೆ ಒಳ್ಳೆಯ ಜಾಗ. ಅರ್ಧ ಇಂಚೂ ಇಳಿಯದಿದ್ದರೆ ಅಲ್ಲಿ ನೆಡಬೇಡಿ. ಈ ಹಿತ್ತಲಿನ ಪೈಪಿನ ಬಾಯಲ್ಲಿ ಸಂಜೆ ತುಂಬಿದ ನೀರು ಬೆಳಗ್ಗೆಯೂ ಇತ್ತು. ಬೇಲಿ ಪಕ್ಕದ ಏರಿನಲ್ಲಿ ಗಂಟೆಗೆ ಒಂದು ಇಂಚು ಇಳಿಯಿತು.

ತೇವದ ಜಾಗ ದಂಡವಲ್ಲ. ಆಸ್ಕ್ಲೇಪಿಯಸ್ ಇನ್‌ಕಾರ್ನೇಟಾ ಎಂಬ ಗುಲಾಬಿ ಹೂವಿನ ಮಿಲ್ಕ್‌ವೀಡ್ ನೀರಿನ ಪಸೆಯನ್ನೇ ಬಯಸುತ್ತದೆ, ಮಿಲ್ಕ್‌ವೀಡ್ ಎಲೆ ತಿಂದೇ ಮರಿಹುಳು ಬೆಳೆಯುವ ಮೊನಾರ್ಕ್ ಚಿಟ್ಟೆಗಳು ಮೊಟ್ಟೆಯಿಡಲು ಟ್ಯೂಬರೋಸಾಕ್ಕಿಂತ ಅದನ್ನು ಹೆಚ್ಚು ಇಷ್ಟಪಡುತ್ತವೆ. ಪೈಪಿನ ಬಾಯಿಗೆ ಅದನ್ನೇ ಇಟ್ಟರು.

ಜೇಡಿಮಣ್ಣಿಗೆ ನಾಲ್ಕು ಬುಟ್ಟಿ ಮರಳು ಬೆರೆಸಿ ಸರಿಮಾಡುತ್ತೇವೆ ಎನ್ನುವವರಿದ್ದಾರೆ. ಸ್ವಲ್ಪ ಮರಳಿನಿಂದ ಜೇಡಿ ಇನ್ನೂ ಗಟ್ಟಿಯಾಗುತ್ತದೆ, ಒಣಗಿದರೆ ಇಟ್ಟಿಗೆಯಂತಾಗುತ್ತದೆ. ಏರಿ ಕಟ್ಟುವುದು ಮೇಲು. ತಳದ ಮಣ್ಣನ್ನು 8 ಇಂಚು ಆಳಕ್ಕೆ ಹಾರೆಕೋಲಿನಿಂದ ಸಡಿಲಿಸಿ, ಅದರ ಮೇಲೆ 10 ಇಂಚು ಎತ್ತರಕ್ಕೆ ಮಣ್ಣು ಏರಿಸಬೇಕು. ತಳ ಸಡಿಲಿಸದೆ ಏರಿಸಿದರೆ ಹೊಸ ಮಣ್ಣಿಗೂ ಹಳೆಯದಕ್ಕೂ ನಡುವೆ ನೀರು ನಿಲ್ಲುತ್ತದೆ, ತಾಯಿಬೇರು ಆ ಗಡಿ ಮುಟ್ಟಿದ ವರ್ಷ ಗಿಡ ಕೊಳೆಯುತ್ತದೆ. ಗೊಬ್ಬರ, ಕಾಂಪೋಸ್ಟ್ ಹಾಕಬೇಡಿ. ಕೊಬ್ಬಿದ ಮಣ್ಣಿನಲ್ಲಿ ಈ ಗಿಡ ಉದ್ದಕ್ಕೆ ಬೆಳೆದು ಮಗುಚಿ ಬೀಳುತ್ತದೆ.

ಮೇ ತಿಂಗಳ ಬರಿನೆಲ

ಬೇಲಿ ಪಕ್ಕದ ಗಿಡಕ್ಕೆ ಆದದ್ದು ನಿಜಕ್ಕೂ ನೋವಿನ ಸಂಗತಿ, ಯಾಕೆಂದರೆ ಅದರಲ್ಲಿ ಯಾವ ದೋಷವೂ ಇರಲಿಲ್ಲ. ಪ್ರೇರಿಯಲ್ಲಿ ವಸಂತದ ಬೆಂಕಿ, ಬೇಸಿಗೆಯ ಬರ, ಕಾಡೆಮ್ಮೆಯ ಬಾಯಿ ಎಲ್ಲವನ್ನೂ ಕಂಡು ಬಂದ ಗಿಡ ಇದು. ತನ್ನ ಗಂಟನ್ನೆಲ್ಲ ನೆಲದಡಿಯ ಬೇರಿನಲ್ಲಿ ಇಟ್ಟುಕೊಂಡು, ಮಣ್ಣು ಚೆನ್ನಾಗಿ ಬೆಚ್ಚಗಾದ ಮೇಲೆಯೇ ಮೊಳೆ ಕಳಿಸುತ್ತದೆ. ಉತ್ತರ ಇಲಿನಾಯ್‌ನಲ್ಲಿ ಮೇ ನಡುಭಾಗದವರೆಗೆ, ತಂಪು ವರ್ಷವಾದರೆ ಇನ್ನೂ ಒಂದು ವಾರ, ನೆಲ ಬೋಳಾಗಿಯೇ ಇರುತ್ತದೆ. ಪಕ್ಕದ ಗಿಡಗಳೆಲ್ಲ ಮೊಣಕಾಲೆತ್ತರ ಬಂದಿರುವಾಗ ಇದೊಂದು ಕಾಣದಿದ್ದರೆ ಸತ್ತಿತು ಎನಿಸುವುದು ಸಹಜ.

ಇದಕ್ಕೆ ಮಾಡಬೇಕಾದದ್ದು ಹಿಂದಿನ ಶರತ್ಕಾಲದಲ್ಲೇ. ಒಣಗಿದ ಕಾಂಡಗಳನ್ನು ನೆಲಮಟ್ಟಕ್ಕೆ ಕತ್ತರಿಸಬೇಡಿ, ಆರು ಇಂಚು ಕೂಳೆ ಬಿಡಿ. ಪಕ್ಕದಲ್ಲಿ ಒಂದು ಲೋಹದ ಕಡ್ಡಿ ಊರಿ. ಮರದ ಚೂರಿನ ಮಲ್ಚ್ (ಹೊದಿಕೆ) ಬುಡದ ಮೇಲೆ ಬೇಡ, ನಾಲ್ಕು ಇಂಚು ದೂರ ನಿಲ್ಲಿಸಿ. ಜೂನ್ ಮೊದಲ ವಾರದವರೆಗೆ ಆ ಜಾಗದಲ್ಲಿ ಸನಿಕೆ ಆಡಿಸಬೇಡಿ.

ತುಂಡಾದ ಬೇರು ಏನಾಯಿತು? ಅದನ್ನು ಎಸೆಯಬೇಕಿರಲಿಲ್ಲ, ಎಸೆಯಲೂ ಇಲ್ಲ. ಟ್ಯೂಬರೋಸಾದ ಬೇರಿನ ತುಂಡು ಚಿಗುರಬಲ್ಲದು. ಮೊಗ್ಗುಗಳಿದ್ದ ಮೇಲಿನ ಭಾಗವನ್ನು ಅದೇ ಜಾಗದಲ್ಲಿ ಮತ್ತೆ ಕೂರಿಸಿದರು. ಉಳಿದದ್ದನ್ನು 2–3 ಇಂಚಿನ ಎರಡು ತುಂಡು ಮಾಡಿ, ಮೇಲಿನ ತುದಿ ಮೇಲಕ್ಕೇ ಬರುವಂತೆ ನೆಟ್ಟಗೆ ನಿಲ್ಲಿಸಿ, ಮರಳು ಬೆರೆತ ಕುಂಡದ ಮಣ್ಣಿನಲ್ಲಿ ತುದಿ ಮುಚ್ಚುವಷ್ಟು ಹೂತರು. ತುಂಡು ಮಾಡುವಾಗಲೇ ಮೇಲಿನ ತುದಿಯನ್ನು ನೇರವಾಗಿ, ಕೆಳಗಿನದನ್ನು ಓರೆಯಾಗಿ ಕತ್ತರಿಸಿದರೆ ತಲೆ ಯಾವುದು ಬುಡ ಯಾವುದು ಎಂಬ ಗೊಂದಲ ಇರುವುದಿಲ್ಲ. ಮಣ್ಣು ನಸುತೇವವಾಗಿರಬೇಕು, ಒದ್ದೆಯಾಗಬಾರದು. ಬೇರಿನ ತುಂಡು ತೆಗೆಯಲು ಗಿಡ ಮಲಗಿರುವ ಕಾಲವೇ ಸರಿಯಾದದ್ದು, ಹಾಗಾಗಿ ಮೇ ಮೊದಲ ವಾರದ ಈ ಅಪಘಾತ ಸಮಯಕ್ಕೆ ಸರಿಯಾಗಿಯೇ ಆಗಿತ್ತು. ಮೂರೂ ತುಂಡು ಚಿಗುರಿದವು.

ಕೆಲವರು ರೈಲುಹಳಿ ಪಕ್ಕದಿಂದ, ಹಳೆಯ ಸ್ಮಶಾನದ ಅಂಚಿನಿಂದ ಗಿಡ ಕಿತ್ತು ತರುವ ಯೋಚನೆ ಮಾಡುತ್ತಾರೆ. ದಯವಿಟ್ಟು ಬೇಡ. ಇಲಿನಾಯ್‌ನಲ್ಲಿ ಒಂದು ಕಾಲಕ್ಕೆ ಸುಮಾರು 2.2 ಕೋಟಿ ಎಕರೆ ಪ್ರೇರಿ ಇತ್ತು. ನೇಗಿಲು ಮುಟ್ಟದೆ ಒಳ್ಳೆಯ ಸ್ಥಿತಿಯಲ್ಲಿ ಉಳಿದದ್ದು ಅದರ ಶೇ. 0.01ರಷ್ಟು. ಉಳಿದಿರುವುದು ಇಂಥ ಮೂಲೆಗಳಲ್ಲೇ. ಕಿತ್ತ ಗಿಡದ ತಾಯಿಬೇರು ಪೂರ್ತಿ ಬರುವುದೂ ಇಲ್ಲ, ಅರ್ಧಕ್ಕೆ ಮುರಿದ ದೊಡ್ಡ ಗಿಡ ಹೆಚ್ಚಾಗಿ ಉಳಿಯುವುದೂ ಇಲ್ಲ. ಗಿಡದ ಸಹಜ ನಿಲುವು ನೋಡಬೇಕೆಂದರೆ ಲೈಲ್ ಊರಿನ ಮಾರ್ಟನ್ ಅರ್ಬೊರೇಟಮ್‌ನಲ್ಲಿ 1962ರಿಂದ ಬೆಳೆಸಿದ ಶುಲೆನ್‌ಬರ್ಗ್ ಪ್ರೇರಿಗೆ ಜುಲೈನಲ್ಲಿ ಒಮ್ಮೆ ಹೋಗಿಬನ್ನಿ.

ಹೂವಿದೆ, ಕಾಯಿಲ್ಲ

ಬೇರಿನ ತುಂಡುಗಳಿಂದ ಬಂದ ಮೂರು ಗಿಡಗಳು ಮರುವರ್ಷ ಜುಲೈನಲ್ಲಿ ಹೂ ಬಿಟ್ಟವು. ಜೇನು, ಕಣಜ, ಚಿಟ್ಟೆ ಎಲ್ಲ ಬಂದವು. ಸೆಪ್ಟೆಂಬರ್‌ನಲ್ಲಿ ಕಾಯಿ ಒಂದೂ ಇರಲಿಲ್ಲ.

ಹತ್ತು ಪಟ್ಟಿನ ಭೂತಗನ್ನಡಿ ಹಿಡಿದು ಒಂದು ಹೂವನ್ನು ನೋಡಿದರೆ ಇಲ್ಲಿನ ಏರ್ಪಾಡು ತಿಳಿಯುತ್ತದೆ. ಐದು ದಳ ಕೆಳಕ್ಕೆ ಮಡಚಿಕೊಂಡಿವೆ, ನಡುವೆ ಐದು ಪುಟ್ಟ ಬಟ್ಟಲುಗಳು ನಿಂತಿವೆ, ಒಂದೊಂದರಿಂದಲೂ ಒಂದು ಕೊಂಬು ಒಳಕ್ಕೆ ಬಾಗಿದೆ. ಬಟ್ಟಲು ಬಟ್ಟಲಿನ ನಡುವೆ ಕಿರಿದಾದ ಸೀಳು, ಅದರ ಮೇಲ್ತುದಿಯಲ್ಲಿ ಒಂದು ಕಪ್ಪು ಚುಕ್ಕೆ. ಸೂಜಿಯ ಮೊನೆಯನ್ನು ಸೀಳಿನೊಳಗೆ ಇಟ್ಟು ಮೆಲ್ಲಗೆ ಮೇಲಕ್ಕೆಳೆದರೆ ಆ ಚುಕ್ಕೆ ಸೂಜಿಗೆ ಕಚ್ಚಿಕೊಂಡು ಹೊರಬರುತ್ತದೆ, ಅದರ ಎರಡು ಪಕ್ಕ ತಕ್ಕಡಿಯ ತಟ್ಟೆಗಳಂತೆ ಎರಡು ಹಳದಿ ಚೀಲ ತೂಗುತ್ತಿರುತ್ತವೆ. ಪರಾಗವೆಲ್ಲ ಆ ಚೀಲಗಳಲ್ಲೇ. ಮಕರಂದಕ್ಕೆ ಬಂದ ಕಣಜದ ಕಾಲು ಸೀಳಿಗೆ ಜಾರಿದಾಗ ಈ ಕ್ಲಿಪ್ಪು ಸಿಕ್ಕಿಕೊಳ್ಳುತ್ತದೆ, ಮುಂದಿನ ಹೂವಿನ ಸೀಳಿನಲ್ಲಿ ಚೀಲ ಕಳಚಿ ಬೀಳುತ್ತದೆ. ಎಕ್ಕದ ಹೂವಿನಲ್ಲೂ ಇದೇ ಏರ್ಪಾಡು.

ಟ್ಯೂಬರೋಸಾ ತನ್ನದೇ ಪರಾಗವನ್ನು ಒಪ್ಪುವುದಿಲ್ಲ. ಈ ಹಿತ್ತಲಿನ ಮೂರು ಗಿಡಗಳು ನೋಡಲು ಮೂರಾದರೂ ಒಂದೇ ಬೇರಿನ ತುಂಡುಗಳು, ಅಂದರೆ ಒಂದೇ ಗಿಡ. ಯಾವ ಹುಳು ಎಷ್ಟು ಓಡಾಡಿದರೂ ಕಾಯಿ ಕಟ್ಟುವಂತಿರಲಿಲ್ಲ. ಗಿಡದ ಸಂಖ್ಯೆ ಹೆಚ್ಚಿಸಲು ಬೇರಿನ ತುಂಡು ಆದೀತು, ಬೀಜ ಬೇಕೆಂದರೆ ಬೀಜದಿಂದ ಹುಟ್ಟಿದ ಬೇರೆ ಗಿಡಗಳು ಜೊತೆಗಿರಲೇಬೇಕು.

ಬೀಜದಿಂದ

ಅದೃಷ್ಟಕ್ಕೆ ಇವರು ಹಿಂದಿನ ಚಳಿಗಾಲದಲ್ಲೇ ಬೀಜ ತರಿಸಿ, ಆ ವಸಂತದಲ್ಲಿ ಸಸಿ ಮಾಡಿದ್ದರು. ಇಲಿನಾಯ್ ಸುತ್ತಮುತ್ತ ಸಂಗ್ರಹಿಸಿದ ಬೀಜ ಸಿಕ್ಕರೆ ಅದನ್ನೇ ಕೊಳ್ಳಿ. ಒಂದು ಗ್ರಾಂನಲ್ಲಿ ಸುಮಾರು 150 ಬೀಜ ಬರುತ್ತವೆ. ಹನ್ನೆರಡು ಗಿಡಕ್ಕೆ 40 ಬೀಜ ಇಟ್ಟರೆ ಧಾರಾಳ.

ಬೀಜ ಹುಟ್ಟಲು ಚಳಿಗಾಲ ಕಳೆದ ಅನುಭವ ಬೇಕು. ಒಂದು ಹಿಡಿ ಮರಳನ್ನು ತೊಳೆದು, ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ಹನಿ ತೊಟ್ಟಿಕ್ಕಬಾರದು, ಅಷ್ಟು ತೇವ ಮಾಡಿ. ಬೀಜ ಬೆರೆಸಿ ಜಿಪ್ ಚೀಲಕ್ಕೆ ಹಾಕಿ ತಾರೀಖು ಬರೆದು ಫ್ರಿಜ್ಜಿನ ಕೆಳತಟ್ಟೆಯಲ್ಲಿ, 4 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿಡಿ. ಫ್ರೀಜರ್‌ಗೆ ಬೇಡ. ಕನಿಷ್ಠ 30 ದಿನ, ಆರು ವಾರ ಇಟ್ಟರೆ ಇನ್ನೂ ಒಳ್ಳೆಯದು. ಫೆಬ್ರವರಿ 15ಕ್ಕೆ ಇಟ್ಟರೆ ಮಾರ್ಚ್ ಕೊನೆಗೆ ಬಿತ್ತಬಹುದು. ವಾರಕ್ಕೊಮ್ಮೆ ತೆರೆದು ನೋಡಿ, ಬೂಷ್ಟು ಕಂಡರೆ ಬೀಜ ತೊಳೆದು ಹೊಸ ಮರಳಿಗೆ ಹಾಕಿ.

ಬಿತ್ತುವ ಬಟ್ಟಲು ಅಗಲವಾಗಿರುವುದಕ್ಕಿಂತ ಆಳವಾಗಿರುವುದು ಮುಖ್ಯ, 5 ಇಂಚಿಗೆ ಕಡಿಮೆ ಬೇಡ. ಕಾಲು ಇಂಚು ಆಳದಲ್ಲಿ ಬಟ್ಟಲಿಗೆ ಮೂರು ಬೀಜ. ಕೋಣೆ 21ರಿಂದ 24 ಡಿಗ್ರಿ ಇದ್ದರೆ ಎರಡು–ಮೂರು ವಾರದಲ್ಲಿ ಮೊಳೆಯುತ್ತವೆ. ಬಲವಾದದ್ದೊಂದನ್ನು ಉಳಿಸಿ ಉಳಿದವನ್ನು ಕತ್ತರಿಯಿಂದ ಕತ್ತರಿಸಿ. ಎಳೆದು ಕೀಳಬೇಡಿ, ಪಕ್ಕದ ಬೇರೂ ಕದಲುತ್ತದೆ. ದಿನಕ್ಕೆ 14 ತಾಸು ದೀಪ. ಮೇಲ್ಮಣ್ಣು ಒಣಗಿದ ಮೇಲಷ್ಟೇ ತಟ್ಟೆಯ ಕೆಳಗಿನಿಂದ ನೀರು. ಮೇಲಿನಿಂದ ದಿನಾ ಚಿಮುಕಿಸಿದರೆ ಸಸಿಯ ಕತ್ತು ನೂಲಿನಂತೆ ಸೊರಗಿ ಮಲಗುತ್ತದೆ. ಅದು ಶಿಲೀಂಧ್ರದ ಕೆಲಸ, ಆಮೇಲೆ ಮದ್ದಿಲ್ಲ.

ಮೇ ಕೊನೆಯ ಹೊತ್ತಿಗೆ, ಬೇರು ಮಣ್ಣಿನ ಮುದ್ದೆಯನ್ನು ಹಿಡಿದುಕೊಂಡಿರಬೇಕು ಆದರೆ ತಳದಲ್ಲಿ ಸುತ್ತಿಕೊಂಡಿರಬಾರದು, ಆಗ ನೆಡಿ. ಸುತ್ತಿಕೊಂಡ ತಾಯಿಬೇರು ನೆಲದಲ್ಲೂ ನೆಟ್ಟಗಾಗುವುದಿಲ್ಲ. ವಾರ ಮೊದಲಿನಿಂದ ಹೊರಗಿನ ಗಾಳಿ ಬಿಸಿಲಿಗೆ ಸ್ವಲ್ಪ ಸ್ವಲ್ಪ ಒಡ್ಡಿ. ಗಿಡಕ್ಕೆ ಗಿಡ 18 ಇಂಚು, ಬುಡ ನೆಲಮಟ್ಟಕ್ಕಿಂತ ಕೂದಲೆಳೆ ಮೇಲೆ. ಮೊದಲ ನಾಲ್ಕು ವಾರ ವಾರಕ್ಕೆ ಒಂದು ಇಂಚಿನಷ್ಟು ನೀರು, ಆಮೇಲೆ ಬರಗಾಲ ಬಂದರಷ್ಟೇ. ಶರತ್ಕಾಲದಲ್ಲಿ ನೆಟ್ಟ ಎಳೆಗಿಡವನ್ನು ನೆಲ ಹೆಪ್ಪುಗಟ್ಟಿ ಕರಗುವಾಗ ಮೇಲಕ್ಕೆ ತಳ್ಳಿಬಿಡುತ್ತದೆ, ಹಾಗಾಗಿ ವಸಂತವೇ ಸರಿ. ಮೊಲಗಳು ಎಳೆ ಕುಡಿಯನ್ನು ಬಿಡುವುದಿಲ್ಲ. ಮೊದಲ ಎರಡು ವಸಂತ ಒಂದಡಿ ಅಗಲ, ಎರಡಡಿ ಎತ್ತರದ ಕೋಳಿಬಲೆಯ ಸುತ್ತು ಇಡಿ.

ಮೊದಲ ವರ್ಷ ಮೇಲೆ ಕಾಣುವುದು ಒಂದು ಗೇಣು ಗಿಡ, ಅಷ್ಟೇ. ಬೇರು ಕೆಳಗೆ ಕೆಲಸ ಮಾಡುತ್ತಿರುತ್ತದೆ. ಹೂವಿಗೆ ಎರಡನೆಯ ಅಥವಾ ಮೂರನೆಯ ವರ್ಷ.

ಹಳದಿ ಹೇನು, ಬೇವಿನೆಣ್ಣೆ

ಜುಲೈ ಕೊನೆಗೆ ತುದಿಗಳೆಲ್ಲ ಅರಿಸಿನ ಮೆತ್ತಿದಂತೆ ಹಳದಿಯಾದವು. ಕಪ್ಪು ಕಾಲಿನ ಹಳದಿ ಹೇನು, ಏಫಿಸ್ ನೀರಿಯೈ. ನಮ್ಮಲ್ಲಿ ಎಕ್ಕಕ್ಕೂ ಕಣಗಿಲೆಗೂ ಹತ್ತುವುದು ಇದೇ ಹೇನು. ಗಂಡಿನ ನೆರವಿಲ್ಲದೆ ಹೆಣ್ಣುಗಳೇ ಮರಿಹಾಕುತ್ತಾ ಹೋಗುವುದರಿಂದ ಹತ್ತೇ ದಿನದಲ್ಲಿ ತುದಿ ತುಂಬುತ್ತದೆ. ಕನ್ನಡದ ಮನೆಯಲ್ಲಿ ಕೈ ಮೊದಲು ಹೋಗುವುದು ಬೇವಿನೆಣ್ಣೆಯ ಬಾಟಲಿಗೆ. ಈ ಗಿಡಕ್ಕೆ ಅದು ಬೇಡ. ಹೇನಿನ ಜೊತೆ ಮೊನಾರ್ಕ್ ಮರಿಹುಳುವೂ ಅಲ್ಲೇ ಇರುತ್ತದೆ, ಬೇವು ಅದನ್ನೂ ಕೆಡಿಸುತ್ತದೆ. ಎಕ್ಕದ ಎಲೆ ತಿನ್ನುವ ನಮ್ಮ ಪ್ಲೇನ್ ಟೈಗರ್ ಚಿಟ್ಟೆಯ ಕುಲವೇ ಮೊನಾರ್ಕ್‌ನದ್ದು. 2024ರ ಡಿಸೆಂಬರ್‌ನಲ್ಲಿ ಅಮೆರಿಕದ ಮೀನು ಮತ್ತು ವನ್ಯಜೀವಿ ಇಲಾಖೆ ಅದನ್ನು ಅಪಾಯದಂಚಿನ ಪಟ್ಟಿಗೆ ಸೇರಿಸುವ ಪ್ರಸ್ತಾವ ಹೊರಡಿಸಿತು. ಎಲೆಯ ಅಡಿ ತಿರುಗಿಸಿ ಕೆನೆಬಣ್ಣದ ಒಂಟಿ ಮೊಟ್ಟೆ ಇದೆಯೇ ನೋಡಿ. ಇಲ್ಲದ ಕುಡಿಗಳನ್ನು ಒಂದು ಕೈಯಲ್ಲಿ ಹಿಡಿದು ಪೈಪಿನ ನೀರು ರಭಸವಾಗಿ ಬಿಡಿ, ಎರಡು ದಿನಕ್ಕೊಮ್ಮೆ ಮೂರು ಸಲ. ಮೊಟ್ಟೆ ಇದ್ದಲ್ಲಿ ಬೆರಳಿನಿಂದ ಒರೆಸಿದರೆ ಸಾಕು. ಬಲಿತ ಗಿಡ ಹೇನಿನಿಂದ ಸಾಯುವುದಿಲ್ಲ. ಗಿಡ ಕೊಳ್ಳುವಾಗಲೂ ನಿಯೊನಿಕೋಟಿನಾಯ್ಡ್ ಕೀಟನಾಶಕ ಹಾಕಿಲ್ಲವೇ ಎಂದು ಕೇಳಿ. ಅದು ಎಲೆಯೊಳಗೇ ಕೂತಿರುತ್ತದೆ, ಮರಿಹುಳು ತಿಂದು ಸಾಯುತ್ತದೆ.

ಬೀಜದ ಗಿಡಗಳು ಎರಡನೆಯ ಬೇಸಿಗೆಯಲ್ಲಿ ಹೂ ಬಿಟ್ಟ ಮೇಲೆ ಬೇಲಿ ಪಕ್ಕದ ಹಳೆಯ ಮೂರಕ್ಕೂ ಕಾಯಿ ಬಂತು. ಕಡ್ಡಿಯಂತೆ ನೆಟ್ಟಗೆ ಮೇಲ್ಮುಖವಾಗಿ ನಿಂತ, ನಾಲ್ಕೈದು ಇಂಚು ಉದ್ದದ, ನವಿರು ಕೂದಲಿನ ಕಾಯಿಗಳು. ಹೆಬ್ಬೆರಳಿನಿಂದ ಹೊಲಿಗೆಯ ಗೆರೆಯನ್ನು ಒತ್ತಿದಾಗ ತಾನೇ ಬಿರಿದು ಒಳಗೆ ಕಂದು ಬೀಜ ಕಂಡರೆ ಕೊಯ್ಯಿರಿ, ಬೆಳ್ಳಗಿದ್ದರೆ ಇನ್ನೂ ಎರಡು ವಾರ ಬಿಡಿ. ಹಾರಿಹೋಗುವ ಭಯವಿದ್ದರೆ ತೆಳುಬಟ್ಟೆಯ ಚೀಲ ಕಟ್ಟಿ, ಬೀಜ ಹೀರುವ ಕೆಂಪು–ಕಪ್ಪು ತಿಗಣೆಗಳೂ ದೂರವಿರುತ್ತವೆ. ರೇಷ್ಮೆ ಕೂದಲಿನ ಜಡೆಯನ್ನು ತುದಿಯಲ್ಲಿ ಗಟ್ಟಿಯಾಗಿ ಹಿಡಿದು ಇನ್ನೊಂದು ಕೈಯಿಂದ ಕೆಳಕ್ಕೆ ಸವರಿದರೆ ಬೀಜವಷ್ಟೇ ಉದುರುತ್ತದೆ. ವಾರ ನೆರಳಲ್ಲಿ ಒಣಗಿಸಿ ಕಾಗದದ ಲಕೋಟೆಗೆ ಹಾಕಿ, ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಡಿ. ಊರಿಗೆ ಹೋಗುವಾಗ ಜೇಬಿನಲ್ಲಿ ಒಯ್ಯಬೇಡಿ, ಅನುಮತಿಯಿಲ್ಲದೆ ಬೀಜ ದೇಶ ದಾಟುವಂತಿಲ್ಲ, ಬೆಂಗಳೂರಿನ ಚಳಿ ಅದಕ್ಕೆ ಸಾಲುವುದೂ ಇಲ್ಲ. ಫ್ರಿಜ್ಜಿನ ಗೊಡವೆ ಬೇಡ ಎನ್ನುವವರು ನವೆಂಬರ್ ಕೊನೆಯಲ್ಲಿ, ನೆಲ ಹೆಪ್ಪುಗಟ್ಟುವ ಮೊದಲು, ಹುಲ್ಲು ಕೆರೆದು ತೆಗೆದ ಏರಿಯ ಮೇಲೆ ಬೀಜ ಚೆಲ್ಲಿ, ಕಾಲಿನಿಂದ ತುಳಿದು, ಕಾಲು ಇಂಚು ಮಣ್ಣು ಮುಚ್ಚಿ, ಕಡ್ಡಿ ಊರಿ ಬಿಡಬಹುದು.